ಸುಗ್ಗಿಗೂ ಮಳೆಗೂ ನಡುವಣ ಬಿಡುವು

ಅಡಿಕೆ ಒಣಗಿ ಮೂಟೆ ಸೇರಿದೆ. ಕಾಫಿ ಕಣ ಬರಿದಾಗಿದೆ. ಮಲೆನಾಡಿನ ಸಣ್ಣ ಬೆಳೆಗಾರನಿಗೆ ವರ್ಷದಲ್ಲಿ ಬಿಡುವು ಎಂಬುದೇನಾದರೂ ಇದ್ದರೆ, ಅದು ಮಾರ್ಚ್‌ನಿಂದ ಮೇ ಕೊನೆಯವರೆಗಿನ ಈ ಮೂರು ತಿಂಗಳು ಮಾತ್ರ. ಇದೂ ಪೂರ್ತಿ ಬಿಡುವಲ್ಲ. ಅಡಿಕೆ ತೋಟಕ್ಕೆ ನೀರು ಹಾಯಿಸಬೇಕು, ಕಾಫಿಯವರು ಹೂಮಳೆಯ ದಾರಿ ಕಾಯಬೇಕು, ಮಳೆಗಾಲದ ಮುಂಚಿನ ಬೋರ್ಡೋ ಸಿಂಪಡಣೆಗೆ ಮೈಲುತುತ್ತ, ಸುಣ್ಣ ಹೊಂದಿಸಿಕೊಳ್ಳಬೇಕು. ಆದರೂ ಸಂಜೆ ನಾಲ್ಕರ ಮೇಲೆ ನೆರೆಮನೆಯ ಜಗಲಿಯಲ್ಲಿ ಕುಳಿತು ಮಾತನಾಡಲು ಪುರುಸೊತ್ತು ಸಿಗುವುದು ಈಗಲೇ. ಮೃಗಶಿರಾ ಮಳೆ ಹಿಡಿಯಿತೆಂದರೆ ಒಬ್ಬರ ಮುಖ ಒಬ್ಬರು ನೋಡುವುದೂ ಅಪರೂಪ.

ನಮ್ಮ ಹಿರಿಯರು ಊರಿನ ಕೂಟಗಳನ್ನೆಲ್ಲ ಈ ಕಾಲಕ್ಕೇ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಜಾತ್ರೆ, ಆಟ, ನಾಟಕ, ಹಪ್ಪಳ, ಕೆರೆಯ ಕೆಲಸ ಇವೆಲ್ಲ ಒಂದೇ ಬಿಡುವಿನ ಮಕ್ಕಳು. ಇವುಗಳಲ್ಲಿ ಒಂದು ಸೊರಗಿದರೆ ಉಳಿದವೂ ಸೊರಗುತ್ತವೆ ಎಂಬುದನ್ನು ಬೆಳೆಗಾರ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಜಾತ್ರೆ ಎಂಬ ಮಹಾಸಭೆ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2022 ಮತ್ತು 2024ರಲ್ಲಿ ಅದು ಮಾರ್ಚ್ ತಿಂಗಳಲ್ಲಿ ಬಂದಿತ್ತು. ಸಾಗರದ ಮಾರಿ ಜಾತ್ರೆ ಮೂರು ವರ್ಷಕ್ಕೊಮ್ಮೆ. ದೇವಿ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬರುವ ದಿನ ಶಿರಸಿ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾಟಕ ಕಂಪನಿ, ಯಕ್ಷಗಾನದ ಡೇರೆ, ತೊಟ್ಟಿಲು, ಬಳೆ ಅಂಗಡಿ, ಮಿಠಾಯಿ ಅಂಗಡಿ ಎಲ್ಲವೂ ಅಲ್ಲಿಯೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುವುದು, ಪಟ್ಟಣ ಸೇರಿದ ಹುಡುಗರು ರಜೆ ಹಾಕಿ ಊರಿಗೆ ಬರುವುದು ಈ ನೆಪದಲ್ಲಿಯೇ.

ಜಾತ್ರೆಯೆಂದರೆ ಬರಿಯ ಗೌಜು ಎಂದು ತಿಳಿಯಬೇಕಾಗಿಲ್ಲ. ಶಿರಸಿ ಜಾತ್ರೆಯಲ್ಲಿ ಹಿಂದೆ ಕೋಣನ ಬಲಿಯಿತ್ತು. 1934ರಲ್ಲಿ ಗಾಂಧೀಜಿಯವರು ಶಿರಸಿಗೆ ಬಂದಾಗ ಬಲಿ ನಡೆಯುವ ದೇವಾಲಯಕ್ಕೆ ಹೋಗಲು ಒಪ್ಪಲಿಲ್ಲ. ಆ ಬಳಿಕ ಊರವರೇ ಬಲಿಯನ್ನು ಬಿಟ್ಟರು. ಜಾತ್ರೆ ಮಾತ್ರ ನಿಲ್ಲಲಿಲ್ಲ. ತಲೆತಲಾಂತರದ ರೂಢಿಯೊಂದನ್ನು ಕೂಡಿ ಕುಳಿತು ಬದಲಿಸಿಕೊಳ್ಳುವ ಶಕ್ತಿ ಕೂಡಿ ನಡೆದ ಊರಿಗೆ ಮಾತ್ರ ಇರುತ್ತದೆ.

ಆಟ ಮತ್ತು ನಾಟಕ

ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ಆಚೀಚೆ ಹೊರಟು ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮುಗಿಯುತ್ತದೆ. ಬಯಲಿನಲ್ಲಿ ರಾತ್ರಿಯಿಡೀ ಆಡುವ ಆಟಕ್ಕೆ ಮಳೆ ಆಗದು. ಆದುದರಿಂದ ಬೆಳೆಗಾರನ ಬಿಡುವಿಗೂ ಮೇಳದ ತಿರುಗಾಟಕ್ಕೂ ಚೆನ್ನಾಗಿ ಹೊಂದಿಕೊಂಡಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಂಥವು ಇಂದಿಗೂ ಬಾಳಿಕೊಂಡು ಬಂದಿರುವುದಕ್ಕೆ ಕಲಾವಿದರ ದುಡಿಮೆಯಷ್ಟೇ, ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲು ಆಟಕ್ಕೆಂದು ತೆಗೆದಿಟ್ಟ ಹಳ್ಳಿಗಳೂ ಕಾರಣ. ಇತ್ತೀಚೆಗೆ ಎರಡೂವರೆ ಮೂರು ತಾಸಿನ ಕಾಲಮಿತಿ ಆಟಗಳು ಹೆಚ್ಚಾಗಿವೆ. ಬೆಳಗಿನ ಜಾವದ ಭಾಗವತಿಕೆಯ ಸೊಗಸು ತಪ್ಪಿತೆಂದು ಹಿರಿಯರಿಗೆ ಬೇಸರವಿದ್ದರೂ, ಮರುದಿನ ತೋಟಕ್ಕೆ ಹೋಗಬೇಕಾದವನಿಗೂ ಪರೀಕ್ಷೆ ಇರುವ ಮಕ್ಕಳಿಗೂ ಇದರಿಂದ ಅನುಕೂಲವಾಗಿದೆ.

ನಾಟಕದ ಮಾತು ಬಂದಾಗ ಸಾಗರದ ಬಳಿಯ ಹೆಗ್ಗೋಡನ್ನು ನೆನೆಯದಿರಲು ಸಾಧ್ಯವಿಲ್ಲ. ಅಲ್ಲಿ 1949ರಲ್ಲಿ ಊರವರು ಸೇರಿ ಕಟ್ಟಿದ ಹವ್ಯಾಸಿ ತಂಡವೇ ನೀನಾಸಮ್. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು ಸ್ವತಃ ಅಡಿಕೆ ಬೆಳೆಗಾರರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ನಾಡೆಲ್ಲ ಸುತ್ತುವ ತಿರುಗಾಟ ಆರಂಭವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಇಷ್ಟೆಲ್ಲಕ್ಕೂ ಬೀಜವಾದದ್ದು ತೋಟದ ಕೆಲಸ ಮುಗಿಸಿ ಬಂದ ಹಳ್ಳಿಗರ ಕೂಟವೇ ಎಂಬುದನ್ನು ನಾವು ಮರೆಯಬಾರದು.

ಮುಯ್ಯಾಳಿನ ಲೆಕ್ಕ

ಹೆಂಗಸರ ಬೇಸಿಗೆಯ ಬಗ್ಗೆ ಬರೆಯುವವರು ಕಡಿಮೆ. ಶಿವರಾತ್ರಿಯ ಆಚೀಚೆ ಅಪ್ಪೆಮಿಡಿ ಬರುತ್ತದೆ. ತೊಟ್ಟು ಮುರಿಯದಂತೆ ಕೊಯ್ದು, ಆರಿಸಿ, ಉಪ್ಪಿನಲ್ಲಿ ಹಾಕಿಡಬೇಕು. ಏಪ್ರಿಲ್ ಕಳೆಯುವ ಹೊತ್ತಿಗೆ ಹಲಸಿನಕಾಯಿ ಬಲಿಯುತ್ತದೆ. ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಹಪ್ಪಳ ಒತ್ತಿ ಒಣಗಿಸುವುದು ಒಬ್ಬರ ಕೈಯ ಕೆಲಸವಲ್ಲ. ಇಂದು ಇವರ ಮನೆಯಲ್ಲಿ, ನಾಳೆ ಅವರ ಮನೆಯಲ್ಲಿ ಎಂದು ನಾಲ್ಕಾರು ಮನೆಯವರು ಸೇರಿ ಮಾಡುತ್ತಾರೆ. ಇದಕ್ಕೆ ಕೂಲಿಯಿಲ್ಲ. ಇದೇ ಮುಯ್ಯಾಳು.

ಈ ಮುಯ್ಯಾಳಿನ ಬುದ್ಧಿಯೇ ನಮ್ಮ ಸಹಕಾರ ಸಂಘಗಳಿಗೂ ಅಡಿಗಲ್ಲು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮ್ಯಾಮ್ಕೋಸ್ 1939ರಲ್ಲಿ, ಮಂಗಳೂರಿನ ಕ್ಯಾಂಪ್ಕೋ 1973ರಲ್ಲಿ ಹುಟ್ಟಿದವು. ಒಬ್ಬನೇ ಮಾರಲು ಹೋದರೆ ದಲ್ಲಾಳಿ ಹೇಳಿದ್ದೇ ಬೆಲೆ, ಹತ್ತು ಮಂದಿ ಕೂಡಿದರೆ ನಮ್ಮದೂ ಒಂದು ಮಾತು ಎಂಬ ಅರಿವು ಒಟ್ಟಿಗೆ ದುಡಿದು ಉಂಡವರಿಗೆ ಹೊಸದೇನಾಗಿರಲಿಲ್ಲ.

ಕೆರೆಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಂದೆ ಜಾತ್ರೆಯ ವಂತಿಗೆ ಎತ್ತಲು ಸೇರಿದವರೇ ಕೆರೆಯ ಹೂಳಿನ ಮಾತನ್ನೂ ತೆಗೆಯುತ್ತಿದ್ದರು. ಮನೆಗೊಂದು ಆಳು ಬರುತ್ತಿತ್ತು. ಎತ್ತಿದ ಹೂಳು ತೋಟದ ಮರಗಳ ಬುಡಕ್ಕೆ ಹೋಗುತ್ತಿತ್ತು. ಕೊಳವೆ ಬಾವಿ ಬಂದ ಮೇಲೆ ಪ್ರತಿಯೊಬ್ಬನ ನೀರು ಅವನವನದಾಯಿತು. ಕೆರೆ ಯಾರದೂ ಅಲ್ಲವಾಯಿತು.

ಇದರಿಂದ ನಷ್ಟವೆಷ್ಟು? ಅಡಿಕೆ ಮರವೊಂದಕ್ಕೆ ಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ 175 ಲೀಟರ್ ನೀರು ಕೊಡಬೇಕೆಂಬುದು ಸಂಶೋಧನಾ ಕೇಂದ್ರದವರ ಶಿಫಾರಸು. ಎಕರೆಗೆ ಸುಮಾರು 550 ಮರವೆಂದರೂ ಒಂದು ಸರದಿಗೆ 96 ಸಾವಿರ ಲೀಟರ್ ಆಯಿತು. ಇನ್ನು ಅರ್ಧ ಎಕರೆಯ ಕೆರೆಯಲ್ಲಿ ಒಂದೇ ಒಂದು ಅಡಿ ಹೂಳು ತೆಗೆದರೆ ಆರು ಲಕ್ಷ ಲೀಟರ್ ನೀರಿಗೆ ಜಾಗವಾಗುತ್ತದೆ. ಅಂದರೆ ಒಂದು ಎಕರೆ ತೋಟಕ್ಕೆ ಆರು ಸರದಿಯ ನೀರು. ಕಡು ಬೇಸಿಗೆಯ ಮೂರು ನಾಲ್ಕು ವಾರ ಇದರಲ್ಲಿ ಕಳೆಯುತ್ತದೆ. ಇಂಗಿ ಕೆಳಗಿನ ಬಾವಿಗಳಿಗೆ ಸೇರುವ ನೀರನ್ನು ಈ ಲೆಕ್ಕಕ್ಕೆ ಹಿಡಿದೇ ಇಲ್ಲ. ಕಾಫಿಯವರಿಗೂ ಇದು ಅನ್ವಯಿಸುತ್ತದೆ. ಹೂಮಳೆ ಕೈಕೊಟ್ಟ ವರ್ಷ ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಚ್ಚುವವನಿಗೆ ಕೆರೆಯಲ್ಲಿ ನೀರಿದ್ದರೆ ಹೂವು, ಇಲ್ಲವಾದರೆ ಇಲ್ಲ.

ಶಿರಸಿಯಲ್ಲಿ 2017ರ ಬರಗಾಲದ ಸುಮಾರಿಗೆ ಪೇಟೆಯ ನಾಗರಿಕರೇ ಜೀವಜಲ ಕಾರ್ಯಪಡೆಯೆಂದು ಕಟ್ಟಿಕೊಂಡು ಕೆರೆಗಳ ಹೂಳೆತ್ತಲು ತೊಡಗಿದರು. ಪೇಟೆಯವರಿಗೆ ಆದದ್ದು ಹಳ್ಳಿಯವರಿಗೆ ಆಗದೆಂದಿಲ್ಲ.

ಈ ಬೇಸಿಗೆಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಜಾತ್ರೆಗೋ ಆಟಕ್ಕೋ ಊರು ಸೇರುವ ದಿನವೇ ಒಂದು ತಾಸು ಕೆರೆಯ ಮಾತಿಗೆ ಇಟ್ಟುಕೊಳ್ಳಿರಿ. ಬೇರೆ ಸಭೆ ಕರೆದರೆ ನಾಲ್ಕು ಮಂದಿಯೂ ಬರಲಾರರು. ಪರ ಊರಿನಲ್ಲಿರುವ ಮಕ್ಕಳೂ ಅಂದು ಸಿಗುತ್ತಾರೆ. ಆಳಾಗಿ ನಿಲ್ಲಲಾಗದವರು ಯಂತ್ರದ ಬಾಡಿಗೆಗೆ ಹಣವನ್ನಾದರೂ ಕೊಟ್ಟಾರು.

ಎರಡನೆಯದಾಗಿ, ಕೆರೆ ಪಂಚಾಯಿತಿಯದೋ ಸರ್ಕಾರದ್ದೋ ಆಗಿದ್ದರೆ ಮುಂಚಿತವಾಗಿಯೇ ಬರೆದು ಒಪ್ಪಿಗೆ ಪಡೆಯುವುದು ಲೇಸು. ನೀರು ತಳ ಕಾಣುವುದು ಏಪ್ರಿಲ್, ಮೇ ತಿಂಗಳಲ್ಲಿ. ಅರ್ಜಿ ಅದಕ್ಕೆ ಮೊದಲೇ ಹೋಗಿರಬೇಕು. ಹೂಳನ್ನು ದಂಡೆಯ ಮೇಲೆಯೇ ಸುರಿದರೆ ಮೊದಲ ಮಳೆಗೆ ಅದು ಪುನಃ ಕೆರೆಗೇ ಇಳಿಯುತ್ತದೆ. ಯಾರ ತೋಟಕ್ಕೆ ಎಷ್ಟು ಗಾಡಿ ಎಂಬುದನ್ನು ಕೆಲಸಕ್ಕೆ ಮೊದಲೇ ಗೊತ್ತು ಮಾಡಿಕೊಂಡರೆ ಜಗಳಕ್ಕೆ ಎಡೆಯಿಲ್ಲ.

ಮೂರನೆಯದಾಗಿ, ಮಕ್ಕಳು. ಬೇಸಿಗೆ ಶಿಬಿರವೆಂದರೆ ಪಟ್ಟಣಕ್ಕೇ ಕಳಿಸಬೇಕೆಂದಿಲ್ಲ. ಶಾಲೆಯ ಅಂಗಳದಲ್ಲಿ ಒಂದು ವಾರ ಯಕ್ಷಗಾನದ ಹೆಜ್ಜೆ, ಒಂದು ವಾರ ಕಸಿ ಕಟ್ಟುವ ಪಾಠ, ಒಂದು ದಿನ ಕೆರೆ ಅಳೆಯುವ ಲೆಕ್ಕ ಹೇಳಿಕೊಟ್ಟರೆ ಸಾಕು. ಕಲಿಸಲು ಬಲ್ಲವರು ಊರಿನಲ್ಲಿಯೇ ಇದ್ದಾರೆ. ಆದರೆ ಈಜಲು ಕೆರೆಗೆ ಇಳಿಯುವ ಮಕ್ಕಳ ಜೊತೆ ಈಜು ಬಲ್ಲ ದೊಡ್ಡವರೊಬ್ಬರು ಇದ್ದೇ ತೀರಬೇಕು. ಹೊಸದಾಗಿ ಹೂಳೆತ್ತಿದ ಕೆರೆಯ ಆಳ ಯಾರಿಗೂ ಅಂದಾಜಿರುವುದಿಲ್ಲ.

ಮನೆಯಲ್ಲಿ ವಯಸ್ಸಾದವರಿಬ್ಬರು, ಮಕ್ಕಳು ಬೆಂಗಳೂರಿನಲ್ಲಿ ಎಂಬ ಸ್ಥಿತಿ ಇಂದು ಹಲವು ಮನೆಗಳಲ್ಲಿದೆ. ಕೊನೆ ಕೊಯ್ಯಲು ಆಳಿಲ್ಲ, ಕಾಫಿ ಹಣ್ಣು ಬಿಡಿಸಲು ಆಳಿಲ್ಲ ಎಂದು ಕೊರಗುವ ನಾವು, ಊರಿನ ಕೂಟಗಳಿಗೂ ಜನವಿಲ್ಲದಂತೆ ಆಗಗೊಡಬಾರದು. ವರ್ಷಕ್ಕೊಮ್ಮೆ ಆಟ ನೋಡಲು ಬಂದು ಅಜ್ಜನ ಕೆರೆಯಲ್ಲಿ ಈಜಿ ಹೋದ ಹುಡುಗನಿಗೆ ಈ ಮಣ್ಣಿನ ನೆನಪು ಉಳಿದೀತು. ಮುಂದೊಂದು ದಿನ ತೋಟ ಮಾರುವ ಮಾತು ಬಂದಾಗ ಅವನು ಒಂದು ಗಳಿಗೆ ಯೋಚಿಸಿಯಾನು.

ಮಳೆಗೆ ಇನ್ನು ಹೆಚ್ಚು ದಿನಗಳಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ, ನೆರೆಯವರನ್ನು ಕರೆಯಿರಿ. ಊರಿನ ಕೆಲಸ ಅಲ್ಲಿಂದಲೇ ಮೊದಲಾಗಲಿ.