ಅಕ್ಷರಾಭ್ಯಾಸಕ್ಕೆ ಮುಂಚಿನ ಪಾಟಿ

ಮಡಿವಂತರಾದ ವಾಚಕರು ಈ ಲೇಖನವನ್ನು ಊಟವಾದ ಬಳಿಕ ಓದುವುದು ಲೇಸು. ವಿಷಯವೇ ಅಂಥದು. ಆದರೆ ಎರಡು ವರುಷದ ಕೂಸಿರುವ ಮನೆಯಲ್ಲಿ ಬೇರೆ ವಿಷಯವಾದರೂ ಎಲ್ಲಿರುತ್ತದೆ?

ನಮ್ಮ ಚಿರಂಜೀವಿಗಾಗಿ ನಾವು ನಿಗಡಿಯ ಪೇಟೆಯಿಂದ ಹಳದಿ ಬಣ್ಣದ ಪ್ಲಾಸ್ಟಿಕ್ ಪಾಟಿಯೊಂದನ್ನು ತಂದೆವು. ಧಾರವಾಡದಲ್ಲಿರುವ ತಾಯಿಯವರಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದಾಗ, “ಇಷ್ಟ ಸಣ್ಣ ಕೂಸಿಗೆ ಪಾಟಿ ಯಾಕೋ ತಮ್ಮಾ? ಬಳಪ ತಿಂದಾನು!” ಎಂದರು. ನಮ್ಮ ಕಡೆ ಪಾಟಿಯೆಂದರೆ ಸ್ಲೇಟು ತಾನೆ!

ನಮಗೋ ಅವಸರ. ಚಡ್ಡಿ ಒದ್ದೆ ಮಾಡದ ಮಕ್ಕಳಿಗಷ್ಟೇ ಪ್ರವೇಶವೆಂದು ಶಿಶುವಿಹಾರದವರು ಹೇಳಿದ್ದರು. ಮನೆಯವರ ರಜೆಯೂ ಜೂನಿಗೆ ಮುಗಿಯುವುದಿತ್ತು. ಗುಮಾಸ್ತಿಕೆಯ ಬುದ್ಧಿ ಎಲ್ಲಿಗೆ ಹೋಗಬೇಕು? ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಚಿರಂಜೀವಿ ಪಾಟಿಯ ಮೇಲೆ ಅರ್ಧ ಗಂಟೆ ಗಂಭೀರನಾಗಿ ಕೂತು, ಎದ್ದು, ಅದನ್ನು ಟೋಪಿಯಂತೆ ತಲೆಗೆ ಹಾಕಿಕೊಂಡು, ಬಾಗಿಲ ಹಿಂದೆ ಹೋಗಿ ಕೆಲಸ ಮುಗಿಸುತ್ತಿದ್ದ.

ಒಂದು ಮುಂಜಾನೆ ಕಚೇರಿಗೆ ಹೊರಟು ನಿಂತಾಗ ನಮ್ಮ ಇಸ್ತ್ರಿಯ ಪ್ಯಾಂಟಿನ ಮೇಲೆಯೇ ಪ್ರಸಾದವಾಯಿತು. ಗದರಿದೆವು, ತೊಡೆಗೊಂದು ಏಟನ್ನೂ ಕೊಟ್ಟೆವು. ಹೇಳಲು ನಾಚಿಕೆಯಾಗುತ್ತದೆ.

ಅಂದಿನಿಂದ ಕೂಸು ಶೌಚವನ್ನೇ ತಡೆಹಿಡಿಯಿತು. ಪರದೆ ಹಿಡಿದು, ಕಾಲಿಗೆ ಕಾಲು ಹೆಣೆದು, ಮುಖ ಕೆಂಪಗೆ ಮಾಡಿಕೊಂಡು ನಿಲ್ಲುತ್ತಿತ್ತು. ನಾಲ್ಕು ದಿನ ಹೊಟ್ಟೆ ಉಬ್ಬಿ ಅನ್ನ ಬೇಡವೆಂದಿತು. ಆ ರಾತ್ರಿಗಳಲ್ಲಿ ನಮಗೆ ನಿದ್ರೆ ಬಂದಿಲ್ಲ.

ಡಾಕ್ಟರರು ತಿಳಿಸಿ ಹೇಳಿದರು: ತಡೆದಷ್ಟೂ ದೊಡ್ಡ ಕರುಳು ನೀರನ್ನು ಹೀರಿಕೊಂಡು ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ನೋಯುತ್ತದೆ, ನೋವಿಗೆ ಹೆದರಿದ ಮಗು ಮತ್ತೂ ತಡೆಯುತ್ತದೆ. ಔಷಧ ಬರೆದು, ಪಪ್ಪಾಯಿ, ತರಕಾರಿ, ಸಾಕಷ್ಟು ನೀರು ಕೊಡಿರೆಂದರು. ಪಾಟಿಯನ್ನು ಕೆಲವು ವಾರ ಕಣ್ಣಿಗೆ ಬೀಳದಂತೆ ಇಡಬೇಕು. ಮತ್ತೆ ಕೂರಿಸುವಾಗ ಪಾದಗಳು ನೆಲಕ್ಕೆ ಊರಿರಬೇಕು.

1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ನರು 1,170 ಮಕ್ಕಳ ದಾಖಲೆಗಳನ್ನು ನೋಡಿ ಬರೆದದ್ದೂ ಇದನ್ನೇ: ಅವಸರ ಬೇಡ, ಕೂಸಿನ ಸಿದ್ಧತೆಯನ್ನು ನೋಡಿ ನಡೆಯಿರಿ. ಆ ಮಕ್ಕಳು ಹಗಲಿನ ಅಭ್ಯಾಸ ಕಲಿಯುವಾಗ ಸರಾಸರಿ 28 ತಿಂಗಳು ದಾಟಿದ್ದವು. ನಮ್ಮವನಿಗೆ ಆಗಿನ್ನೂ 25!

ಅಷ್ಟರಲ್ಲಿ ತಾಯಿಯವರು ಬಂದರು. ನಮ್ಮನ್ನೆಲ್ಲ ಅವರು ಕೆಲವೇ ತಿಂಗಳ ಕೂಸಾಗಿದ್ದಾಗಿನಿಂದ ಜೋಡಿಸಿದ ಪಾದಗಳ ಮೇಲೆ ಕೂಡಿಸಿ, ‘ಸ್‌ಸ್’ ಎಂದು ಕಲಿಸಿದವರು. ಚೀನದ ಹಳ್ಳಿಗಳ ಸೀಳುಚಡ್ಡಿಯ ಹಿಂದೆಯೂ ಇಂಥದೇ ಉಪಾಯವಿದೆ. ಡೈಪರಿನಲ್ಲಿ ಬೆಳೆದ ಮೊಮ್ಮಗನಿಗೆ ಒದ್ದೆಯ ಅರಿವೇ ಇಲ್ಲವೆಂದು ಅವರ ತಕರಾರು. ಹಗಲು ಹತ್ತಿಯ ಚಡ್ಡಿ ತೊಡಿಸಿದರು. “ಹೊಡದು ಕಲಸೂದಲ್ಲೋ ಇದು. ನೀ ಮೂರು ವರ್ಷ ಹಾಸಿಗಿ ತೋಯಿಸೀದಿ, ನಾ ಬೈದಿಲ್ಲ” ಎಂದು ಸೊಸೆಯ ಎದುರಿಗೇ ನಮ್ಮ ಚರಿತ್ರೆ ಬಿಚ್ಚಿದರು.

ಭಾಷೆಯ ತೊಡಕೊಂದಿತ್ತು. ಮನೆಯಲ್ಲಿ ‘ಉಚ್ಚಿ’, ನೆರೆಮನೆಯ ಮರಾಠಿ ಕಾಕೂಗೆ ‘ಶೂ’. ಕೂಸು ‘ಉಚ್ಚಿ’ ಎಂದಾಗ ಅವರು ನೀರು ಕುಡಿಸುತ್ತಿದ್ದರಂತೆ! ಈಗ ಅವರಿಗೂ ಕನ್ನಡದ ಒಂದು ಪದ ಬರುತ್ತದೆ.

ಶಿಶುವಿಹಾರಕ್ಕೆ ಜೂನಿನ ಬದಲು ಆಗಸ್ಟಿನಲ್ಲಿ ಸೇರಿಸಿದೆವು. ಮನೆಯವರು ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಬೇಕಾಯಿತು. ಹಗಲು ಈಗ ನಿಶ್ಚಿಂತೆ. ರಾತ್ರಿಯದು ಐದು ವರುಷದವರೆಗೂ ನಡೆದೀತೆಂದು ಡಾಕ್ಟರರು ಹೇಳಿದ್ದಾರೆ. ನಮ್ಮ ಗ್ಯಾಲರಿಯಲ್ಲಿ ರಬ್ಬರ್ ಶೀಟು ದಿನವೂ ಒಣಗುತ್ತಿರುತ್ತದೆ.