ಪಂಪುಸೆಟ್ಟಿಗೊಬ್ಬ ಕಾವಲುಗಾರ

ಪೈಕಾರದ ವಿದ್ಯುದಾಗಾರ 1932ರಲ್ಲಿ ಕೆಲಸ ಆರಂಭಿಸಿದ ಮೇಲೆ ಕೊಯಮತ್ತೂರು ಸೀಮೆಯ ಕಪಿಲೆ ಬಾವಿಗಳಿಗೆ ಒಂದೊಂದಾಗಿ ಮೋಟಾರು ಬಂದಿತು. ಅವಿನಾಶಿ, ಪಲ್ಲಡಂ, ಉಡುಮಲೆ ಕಡೆಯ ನಮ್ಮ ರೈತ ಬಾಂಧವರಿಗೆ ಎತ್ತಿನ ಚಿಂತೆ ಹೋಗಿ ಮೋಟಾರು ಸುಡುವ ಚಿಂತೆ ಅಂಟಿಕೊಂಡಿತು. ಸುಟ್ಟ ಸುರುಳಿಯನ್ನು ಮತ್ತೆ ಸುತ್ತಿಸಿ ತರುವಷ್ಟರಲ್ಲಿ, ಬಾವಿಯಲ್ಲಿ ನೀರಿದ್ದೂ ತೋಟ ಬಾಡಿರುತ್ತದೆ.

ವೋಲ್ಟೇಜು ಇಳಿದರೆ ಮೋಟಾರಿಗೆ ಆಯಾಸ ಕಡಿಮೆಯೆಂದು ಹಲವರು ತಿಳಿದಿರುವರು. ಇದು ತಪ್ಪು. ಎತ್ತಬೇಕಾದ ನೀರಿನ ಭಾರ ಮೊದಲಿನಷ್ಟೇ ಇರುವುದರಿಂದ ಅದು ಹೆಚ್ಚು ಕರೆಂಟನ್ನು ಎಳೆಯತೊಡಗುತ್ತದೆ. 415 ವೋಲ್ಟು 332ಕ್ಕೆ ಇಳಿದರೆ ಕರೆಂಟು ಸುಮಾರು ಕಾಲು ಪಾಲು ಏರುವುದು. ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಒಂದೂವರೆ ಪಟ್ಟನ್ನೂ ಮೀರುವುದು. ಹಳೆಯ ಸ್ಟಾರ್ಟರಿನೊಳಗಿನ ಸುರುಳಿಯೇನೋ ಕಾವಲಿಗೆಂದೇ ಇದೆ; ಆದರೆ ವೋಲ್ಟೇಜು ಬಹಳ ಕುಸಿದ ಮೇಲೆಯೇ ಅದು ಹಿಡಿತ ಬಿಡುವುದು.

ಬಾವಿಯ ಗೋಡೆಯಲ್ಲಿ ಒಂದು ಕಲ್ಲನ್ನು ಗುರುತಿಟ್ಟು, ನೀರು ಅದಕ್ಕಿಂತ ಕೆಳಗೆ ಹೋದರೆ ಪಂಪು ನಿಲ್ಲಿಸುತ್ತೇವಲ್ಲವೆ? ಹೊಸ ಕಾವಲು ಪೆಟ್ಟಿಗೆಯೂ ಮಾಡುವುದು ಅಷ್ಟನ್ನೇ. 415 ವೋಲ್ಟನ್ನು ಅದು ಮೊದಲು 12 ವೋಲ್ಟಿನ ನೇರ ವಿದ್ಯುತ್ತಾಗಿ ಇಳಿಸಿಕೊಳ್ಳುತ್ತದೆಯೆಂದು ಇಟ್ಟುಕೊಳ್ಳೋಣ. 900 ಮತ್ತು 300 ಕಿಲೋ ಓಮಿನ ಎರಡು ರೆಸಿಸ್ಟರುಗಳು ಇದನ್ನು ಹಂಚಿದಾಗ ಕೆಳಗಿನದರ ಪಾಲಿಗೆ 3 ವೋಲ್ಟು ಬರುವುದು. ಗುರುತಿನ ಕಲ್ಲಿನ ಹಾಗೆ ಕದಲದೆ ನಿಂತಿರುವ 2.5 ವೋಲ್ಟು ಇನ್ನೊಂದು ಕಡೆ ಇರುತ್ತದೆ. ಕಂಪ್ಯಾರೇಟರ್ ಎಂಬ ಚಿಪ್ಪು ಎರಡನ್ನೂ ಸದಾ ಹೋಲಿಸುತ್ತಿರುವುದು. ತಂತಿಯಲ್ಲಿ ಸುಮಾರು 346 ವೋಲ್ಟಿಗಿಂತ ಕಡಿಮೆಯಾದೊಡನೆ 3 ವೋಲ್ಟಿನ ಪಾಲು ಎರಡೂವರೆಗಿಂತ ತಗ್ಗಿ, ಚಿಪ್ಪು ರಿಲೇಯನ್ನು ಬಿಡಿಸಿ ಮೋಟಾರನ್ನು ನಿಲ್ಲಿಸುತ್ತದೆ.

ಇಲ್ಲೊಂದು ತೊಡಕುಂಟು. ಮೋಟಾರು ನಿಂತ ಕೂಡಲೆ ಭಾರ ತಗ್ಗಿ ವೋಲ್ಟೇಜು ತುಸು ಏರುವುದು. ಅದನ್ನೇ ನಂಬಿ ಪೆಟ್ಟಿಗೆ ಮತ್ತೆ ಹಚ್ಚಿದರೆ ಮತ್ತೆ ಕುಸಿತ, ಮತ್ತೆ ನಿಲುಗಡೆ. ಟಕಟಕನೆ ಕುಟ್ಟಿ ಕಾಂಟ್ಯಾಕ್ಟುಗಳೇ ಸುಟ್ಟುಹೋದಾವು. ಆದುದರಿಂದ ನಿಲ್ಲಿಸುವ ಗುರುತು 346 ಆದರೆ ಹಚ್ಚುವ ಗುರುತನ್ನು 370ರ ಬಳಿ ಇಡಬೇಕು. ಮೋಟಾರು ಹೊರಡುವಾಗಿನ ಕ್ಷಣದ ಕುಸಿತಕ್ಕೆ ಬೆದರದಂತೆ ಕೆಲವು ಸೆಕೆಂಡುಗಳ ತಡವೂ ಬೇಕು.

ಕಾವಲುಗಾರನೇ ಕಣಜ ತಿನ್ನಬಾರದಷ್ಟೆ. ಮೇಲೆ ಹೇಳಿದ ಎರಡು ರೆಸಿಸ್ಟರುಗಳು ಕುಡಿಯುವುದು ಹತ್ತು ಮೈಕ್ರೋ ಆಂಪಿಯರ್, ಅಂದರೆ ಒಂದು ಆಂಪಿಯರಿನ ಲಕ್ಷದಲ್ಲೊಂದು ಪಾಲು. ಪಂಪುಸೆಟ್ಟಿನಲ್ಲಿ ಇದು ಲೆಕ್ಕಕ್ಕೆ ಬಾರದು. ಮೇಟುಪಾಳ್ಯದ ಬೆಟ್ಟದ ಬುಡದಲ್ಲಿ ಆನೆಗೆಂದು ಹಾಕುವ ಸೋಲಾರ್ ಬೇಲಿಯಲ್ಲಿ ಬಹಳ ಲೆಕ್ಕಕ್ಕೆ ಬರುವುದು. ಅಲ್ಲಿಯ ಬ್ಯಾಟರಿಯನ್ನು ಬರಿದಾಗುವ ತನಕ ಬಿಟ್ಟರೆ ಒಳಗಿನ ತಗಡುಗಳು ಕೆಡುತ್ತವೆ. ಇದೇ ಮಂಡಲದ ರೆಸಿಸ್ಟರನ್ನು ಬದಲಿಸಿ 11 ವೋಲ್ಟಿನ ಬಳಿ ಎಚ್ಚರಿಸುವಂತೆ ಮಾಡಬಹುದು. ಆದರೆ ಸಣ್ಣ ರಿಲೇಯೊಂದೇ 30 ಮಿಲಿ ಆಂಪಿಯರ್, ಮೇಲಿನದರ ಮೂರು ಸಾವಿರ ಪಟ್ಟು, ಹಗಲಿರುಳೂ ತಿನ್ನಬಲ್ಲದು. ಅದರ ಬದಲು ಟ್ರಾನ್ಸಿಸ್ಟರನ್ನು ಹಾಕುವುದೇ ಮೇಲು.

ಪಂಪುಸೆಟ್ಟಿಗೆ ಪೆಟ್ಟಿಗೆ ಕೊಳ್ಳುವವರು ಅದು ಮೂರು ಫೇಸುಗಳನ್ನೂ ನೋಡುತ್ತದೆಯೇ ಎಂದು ಕೇಳತಕ್ಕದ್ದು. ಒಂದೇ ಫೇಸನ್ನು ಕಾಯುವಂಥದು, ಉಳಿದೆರಡರಲ್ಲಿ ಒಂದು ಸತ್ತರೂ ಸುಮ್ಮನೆ ಕುಳಿತಿರುವುದು.