ಮನೆಗೆ ಬಂತು ಕಪ್ಪು ಕ್ರಿಸ್ಮಸ್ ಗಿಡ

ಕ್ರಿಸ್ಮಸ್ ಗಿಡ ಅಂದ್ರೆ ಹಸಿರು ಅನ್ನೋದು ನಮ್ಮೆಲ್ಲರ ಲೆಕ್ಕ. ಈಗ ಆನ್‌ಲೈನ್ ಅಂಗಡಿಗಳಲ್ಲಿ ಬಿಳಿ, ಗುಲಾಬಿ ಗಿಡಗಳ ಪಕ್ಕ ಕಪ್ಪು ಗಿಡವೂ ಸಿಗುತ್ತದೆ. ಫೋಟೊದಲ್ಲಿ ಚೆಂದ ಕಾಣುತ್ತದೆ, ನಿಜ. ಆದರೆ ಹಿರಿಯರಿರುವ ಮನೆಯಲ್ಲಿ, ಹಬ್ಬದ ದಿನ, ಪಡಸಾಲೆಯಲ್ಲಿ ಕರೇ ಗಿಡ ನಿಲ್ಲಿಸೋದು ಅಷ್ಟು ಸಲೀಸಲ್ಲ. ಹೋದ ಡಿಸೆಂಬರ್‌ನಲ್ಲಿ ಕಲಬುರಗಿಯ ನಮ್ಮ ಮನೆಯಲ್ಲಿ ನಿಲ್ಲಿಸಿದೆವು. ಅದು ಹೇಗೆ ಸಾಧ್ಯವಾಯ್ತು, ಅಲಂಕಾರ ಹೇಗೆ ಮಾಡಿದೆವು ಅಂತ ಹೇಳ್ತೀನಿ.

ಆಯಿಯ ತಕರಾರು

ನಮ್ಮದು ಕಮಲಾಪುರ ಮೂಲದ ಕ್ರೈಸ್ತ ಕುಟುಂಬ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರಿದ ನಾನು ಈಗ ಕಲಬುರಗಿ ಮನೆಯಿಂದಲೇ ಕೆಲಸ ಮಾಡ್ತೀನಿ. ಆಯಿ ಮಾತ್ರ ಕಮಲಾಪುರ ಬಿಟ್ಟು ಬರುವವಳಲ್ಲ. ಹುಮನಾಬಾದ್ ರಸ್ತೆಯಲ್ಲಿ ಬಸ್ಸಿಗೆ ಒಂದು ತಾಸಿನ ದಾರಿ.

ಹೋದ ವರ್ಷ ಆಗಸ್ಟ್‌ನಲ್ಲಿ ಮುತ್ಯಾ ತೀರಿಕೊಂಡರು. "ಈ ವರ್ಷ ಹಬ್ಬ ಬ್ಯಾಡ, ಚರ್ಚಿಗಿ ಹೋಗಿ ಬಂದ್ರ ಸಾಕು" ಅಂತ ಆಯಿ ಮೊದಲೇ ಹೇಳಿದ್ದಳು. ಇತ್ತ ಅಕ್ಕನ ಇಬ್ಬರು ಮಕ್ಕಳಿಗೆ ಗಿಡ ಬೇಕೇ ಬೇಕು. ಅಟ್ಟದ ಮೇಲಿನ ಹಸಿರು ಗಿಡ ಇಳಿಸೋಕೆ ಅಪ್ಪನಿಗೆ ಕೈಯೇ ಬರಲಿಲ್ಲ. ಪ್ರತಿ ವರ್ಷ ಅದರ ತುದಿಗೆ ನಕ್ಷತ್ರ ಕಟ್ಟುತ್ತಿದ್ದವರು ಮುತ್ಯಾ. ಹಬ್ಬ ಪೂರಾ ಬಿಟ್ಟರೆ ಮಕ್ಕಳ ಮುಖ ನೋಡೋಕಾಗಲ್ಲ. ಏನೂ ಆಗಿಲ್ಲ ಅನ್ನೋ ಹಾಗೆ ಮಾಡಿದರೆ ಆಯಿಯ ಮುಖ ನೋಡೋಕಾಗಲ್ಲ.

ಆಗ ನಾನು ಐದಡಿಯ ಕಪ್ಪು ಗಿಡ ತರಿಸಿದೆ. ಸುದ್ದಿ ಫೋನಿನಲ್ಲಿ ಆಯಿಗೆ ಮುಟ್ಟಿತು.

"ಸಾವಾದ ಮನ್ಯಾಗ ಕರೇ ಗಿಡ ಯಾಕ ತಂದಿ? ಮಂದಿ ಏನಂದಾರು?"

"ಆಯಿ, ಟ್ರಂಕಿನಾಗ ಇಟ್ಟೀಯಲ್ಲ ಚಂದ್ರಕಾಳಿ ಸೀರಿ, ಅದು ಯಾವ ಬಣ್ಣದ್ದು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ನಿಮ್ಮ ಮುತ್ಯಾ ತಂದದ್ದು" ಅಂದಳು.

ಕರೇದು ನಮಗೆ ಹೊಸದಲ್ಲ

ನಮ್ಮ ಕಡೆ, ಮಹಾರಾಷ್ಟ್ರದ ಕಡೆ ಸಂಕ್ರಾಂತಿಗೆ ಕಪ್ಪು ಸೀರೆ ಉಡುವ ರೂಢಿ ಇದೆ. ಎಳ್ಳಮಾವಾಸ್ಯೆ ಬರೋದೂ ಕ್ರಿಸ್ಮಸ್‌ನ ಆಸುಪಾಸಿನಲ್ಲೇ. ಅವತ್ತು ಚರಗ ಚೆಲ್ಲೋದು ಎರೆಹೊಲದ ಕರಿಮಣ್ಣಿಗೆ. ಕಮಲಾಪುರದ ದಾರಿಯಲ್ಲೇ ಮುಂದೆ ಹೋದರೆ ಬೀದರ್. ಅಲ್ಲಿನ ಬಿದ್ರಿ ಕೆಲಸ ನೋಡಿ: ಸತು ಮತ್ತು ತಾಮ್ರ ಬೆರೆಸಿದ ಲೋಹಕ್ಕೆ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಲ್ಲಿ ಅದ್ದುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಪ್ಪಿಲ್ಲದಿದ್ದರೆ ಆ ಬೆಳ್ಳಿಗೆ ಅಷ್ಟು ಅಂದವೇ ಇಲ್ಲ.

ಇನ್ನು ಗಿಡದ ಬಣ್ಣ. ಜರ್ಮನಿಯ ಈ ಪದ್ಧತಿ ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದು 1848ರಲ್ಲಿ, ವಿಕ್ಟೋರಿಯಾ ರಾಣಿಯ ಕುಟುಂಬ ಗಿಡದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ. ಜರ್ಮನಿಯಲ್ಲೇ ಹೆಬ್ಬಾತಿನ ಪುಕ್ಕಕ್ಕೆ ಹಸಿರು ಬಣ್ಣ ಹಾಕಿ ಕೃತಕ ಗಿಡ ಮಾಡುತ್ತಿದ್ದರು. 1959ರ ಹೊತ್ತಿಗೆ ಅಮೆರಿಕದಲ್ಲಿ ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಗಿಡಗಳು ಬಂದವು. ಅಂದರೆ ಗಿಡ ಹಸಿರೇ ಇರಬೇಕು ಅನ್ನೋ ಕಟ್ಟುನಿಟ್ಟು ಅಲ್ಲೂ ಉಳಿದಿಲ್ಲ.

ಅಲಂಕಾರ ಹೀಗೆ ಮಾಡಿ

* ಜಾಗ: ಕಪ್ಪು ಗಿಡದ ಹಿಂದೆ ತಿಳಿ ಬಣ್ಣದ ಗೋಡೆ ಇರಲಿ. ಗಾಢ ಬಣ್ಣದ ಗೋಡೆ, ಕಂದು ಪರದೆ ಇದ್ದರೆ ಗಿಡ ಕಾಣುವುದೇ ಇಲ್ಲ.

* ಕೊಂಬೆ: ಡಬ್ಬಿಯಿಂದ ತೆಗೆದಾಗ ಛತ್ರಿಯಂತೆ ಮಡಚಿರುತ್ತದೆ. ಕೆಳಗಿನಿಂದ ಶುರು ಮಾಡಿ ಒಂದೊಂದೇ ಎಳೆಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಬಿಡಿಸಿ. ನಮಗೆ ಒಂದು ತಾಸು ಹಿಡಿಯಿತು. ಅವಸರ ಮಾಡಿದರೆ ನಡುವಿನ ಕಂಬಿ ಕಾಣುತ್ತದೆ.

* ದೀಪ: ಅಲಂಕಾರದ ಸಾಮಾನಿಗಿಂತ ಮೊದಲು ದೀಪದ ಸರ. ಕಪ್ಪು ವೈರ್ ಇರುವ, ಹಳದಿ ಛಾಯೆಯ ಎಲ್‌ಇಡಿ ಒಳ್ಳೆಯದು. ಹಸಿರು ವೈರ್ ಇಲ್ಲಿ ಎದ್ದು ಕಾಣುತ್ತದೆ. ಸರವನ್ನು ಹೊರಗಷ್ಟೇ ಸುತ್ತಬೇಡಿ, ಕಂಬಿಯವರೆಗೆ ಒಳಗೆ ಒಯ್ದು ಮತ್ತೆ ತುದಿಗೆ ತನ್ನಿ. ಕಪ್ಪು ಬೆಳಕನ್ನು ನುಂಗುವುದರಿಂದ ಹಸಿರು ಗಿಡಕ್ಕಿಂತ ಹೆಚ್ಚು ದೀಪ ಬೇಕು. ಮಲಗುವ ಮೊದಲು ಆರಿಸಿ.

* ಸಾಮಾನು: ಎರಡೇ ಬಣ್ಣ ಸಾಕು. ನಾವು ಬಿದ್ರಿ ನೋಡಿ ಬೆಳ್ಳಿ, ಬಿಳಿ ಆರಿಸಿದೆವು. ಅಕ್ಕ ತನ್ನ ಒಂಟಿ ಉಳಿದ ಬಿದ್ರಿ ಜುಮಕಿಯನ್ನೂ ತೂಗುಹಾಕಿದಳು. ಭಾರದ ಸಾಮಾನು ಕಂಬಿಯ ಹತ್ತಿರ ಇರಲಿ, ತುದಿ ಬಾಗುವುದಿಲ್ಲ. ಮಕ್ಕಳು ಹತ್ತಿ ಉಂಡೆ ಮಾಡಿ ದಾರ ಕಟ್ಟಿದರು. ಖರ್ಚಿಲ್ಲ, ಕಪ್ಪಿನ ಮೇಲೆ ಬಲು ಚೆಂದ.

* ಧೂಳು: ನಮ್ಮೂರಿನ ಧೂಳು ಕಪ್ಪಿನ ಮೇಲೆ ಒಂದೇ ದಿನಕ್ಕೆ ಕಾಣುತ್ತದೆ. ಒಣಗಿದ ಪೇಂಟ್ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಸವರಿ. ಹಬ್ಬದ ನಂತರ ತಗಡಿನ ಕೋಣೆಯಲ್ಲಿ ಇಡಬೇಡಿ. ಕಲಬುರಗಿ ಬಿಸಿಲು 40 ಡಿಗ್ರಿ ದಾಟಿದಾಗ ಪ್ಲಾಸ್ಟಿಕ್ ಎಳೆ ಸೊಟ್ಟಗಾಗುತ್ತವೆ.

24ರ ಸಂಜೆ

ಆಯಿ ಬಂದಳು. ಒಂದು ಕೈಚೀಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು, ಇನ್ನೊಂದರಲ್ಲಿ ಚಂದ್ರಕಾಳಿ ಸೀರೆ. ಗಿಡ ನೋಡಿ ಏನೂ ಅನ್ನಲಿಲ್ಲ. ಸೀರೆ ಮಡಚಿ ಗಿಡದ ಬುಡಕ್ಕೆ ಸುತ್ತಿದಳು, ಕೆಂಪು ಅಂಚು ಹೊರಗೆ ಕಾಣುವಂತೆ. ಬಾಳೆಗೊನೆ ಅದರ ಮುಂದೆ ಇಟ್ಟಳು. ನಕ್ಷತ್ರ ಯಾರು ಕಟ್ಟಬೇಕು ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವಾಗ, ಅಕ್ಕನ ದೊಡ್ಡ ಮಗನನ್ನು ಕರೆದು ಸ್ಟೂಲ್ ಹತ್ತಿಸಿದಳು. ಸ್ಟೂಲನ್ನು ಗಟ್ಟಿಯಾಗಿ ಹಿಡಿದಿದ್ದು ಅವಳೇ.

ಟ್ಯೂಬ್‌ಲೈಟ್ ಆರಿಸಿ ದೀಪದ ಸರ ಹಚ್ಚಿದೆವು. ಬಹಳ ಹೊತ್ತು ನೋಡಿ ಆಯಿ ಹೇಳಿದ್ದು ಇಷ್ಟು: "ಈಗ ಗಿಡ ಕಾಣಂಗಿಲ್ಲ, ದೀಪ ಅಷ್ಟೇ ಕಾಣ್ತಾವ."

ಈ ವರ್ಷ ಹಸಿರು ಗಿಡ ಅಟ್ಟದಿಂದ ಇಳಿಯುತ್ತದೆ, ಅಪ್ಪ ಒಪ್ಪಿದ್ದಾರೆ. ಕಪ್ಪು ಗಿಡ ಮಾತ್ರ ಕಮಲಾಪುರಕ್ಕೆ ಹೋಗಬೇಕು. ಆಯಿ ಕೇಳ್ಯಾಳ.